ತಾಜ್ ಬೀ ಬಾಗಿಲಿಗೆ ಬಂದವಳು

“ಇನ್ನೊಂದು ಚೊಂಬು ಹುಯ್ಯಿ. ಬಲಗಡೆ ಭುಜಕ್ಕೆ. ನಿಧಾನ, ನಿಧಾನ,” ಎಂದಳು ಪೀರಂಬಿ.

ಶಬನಾ ಕರ್ಪೂರ ಕದಡಿದ ನೀರನ್ನು ತಾಯಿಯ ಭುಜದ ಮೇಲೆ ಸುರಿದಳು. ಹಿತ್ತಲಲ್ಲಿ ನಾಲ್ವರು ಹೆಂಗಸರು ಸೀರೆ ಹಿಡಿದು ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ತಾಜ್ ಬೀ ಮಲಗಿದ್ದಳು. ಮೂರು ತಿಂಗಳ ಕಾಯಿಲೆ ಆಕೆಯನ್ನು ಎಷ್ಟು ಹಗುರ ಮಾಡಿತ್ತೆಂದರೆ, ಮಗ್ಗುಲು ತಿರುಗಿಸಲು ಪೀರಂಬಿಯ ಒಂದು ಕೈ ಸಾಕಾಗಿತ್ತು. ಹಿರಿಯೂರಿನ ಆ ಮೊಹಲ್ಲಾದಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೀಯಿಸಲು ಪೀರಂಬಿಯೇ ಬರಬೇಕು. ಹಾಗಾಗಿ ಕೇಳಬೇಕಾದ್ದನ್ನು ಕೇಳುವ ಹಕ್ಕೂ ಅವಳಿಗಿತ್ತು.

“ಕಡೇ ಗಳಿಗೇಲಿ ನೀನೊಬ್ಬಳೇ ಇದ್ದಿಯಂತೆ. ಬಾಯಲ್ಲಿ ಕಲಿಮಾ ಬಂತಾ?”

“ಬಂತು,” ಎಂದಳು ಶಬನಾ.

“ನಸೀಬು ಮಾಡಿದ್ಲು ಬಿಡು. ಎಲ್ಲಾರ್ಗೂ ಎಲ್ಲಿ ಬರ್ತೈತೆ?”

ಸೀರೆ ಹಿಡಿದಿದ್ದವರೂ ತಲೆಯಾಡಿಸಿದರು. ಆ ಮಾತು ಮರೆಯಿಂದ ಹೊರಬಿದ್ದು, ಅಂಗಳ ದಾಟಿ, ಬೀದಿಯ ಬೆಂಚಿನ ಮೇಲೆ ಕುಳಿತಿದ್ದ ಅಣ್ಣ ರೌಫ್‌ನ ಕಿವಿಗೆ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಬನಾಳ ಕೈಯಲ್ಲಿದ್ದ ಚೊಂಬು ಭಾರವಾಯಿತು. ಹೆತ್ತ ತಾಯಿಯ ಮೈಗೆ ನೀರು ಹಾಕುತ್ತಲೇ ಸುಳ್ಳು ಹೇಳಿದ್ದಳು.

*

ಬೆಳಗಿನ ಆಜಾನ್ ಮುಗಿದು, ರೌಫ್ ಮಸೀದಿಗೆ ಹೋಗಿದ್ದ ಹೊತ್ತು. ಅವನೇ ಹೇಳಿಕೊಟ್ಟಿದ್ದಂತೆ ಶಬನಾ ತಾಯಿಯ ಕಿವಿಯ ಬಳಿ ಸಾಯುವವರ ಬಾಯಲ್ಲಿ ಕಡೆಯದಾಗಿ ಬರಬೇಕಾದ ಕಲಿಮಾವನ್ನು, ಅಲ್ಲಾನ ಮೇಲಿನ ನಂಬಿಕೆಯ ಮಾತನ್ನು, ಉಸುರುತ್ತಿದ್ದಳು. ಎರಡು ದಿನದಿಂದ ಮುಚ್ಚಿದ್ದ ಕಣ್ಣು ತಟ್ಟನೆ ತೆರೆಯಿತು. ತಾಜ್ ಬೀ ಮಗಳನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಮನೆಯಲ್ಲಿ ಅವರೆಲ್ಲ ಆಡುವುದು ಉರ್ದು. ಆದರೆ ಆಕೆಯ ಬಾಯಿಂದ ಬಂದದ್ದು ಕನ್ನಡ, ಅದೂ ಗೊಲ್ಲರ ಹಟ್ಟಿಯ ಕನ್ನಡ.

“ಬಂದ್ಯೇನವ್ವಾ? ಬಾ, ಒಳಾಕ್ ಬಾ. ಅಳಬ್ಯಾಡ. ನಿಂದೇನು ತಪ್ಪೈತೆ? ಕುಂತ್ಕ.”

ಶಬನಾ ಎದ್ದು ಬಾಗಿಲಿಗೆ ಹೋಗಿ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ಬಂದು ಮಂಡಿಯೂರುವಷ್ಟರಲ್ಲಿ ಉಸಿರು ನಿಂತಿತ್ತು.

ಈ ಮಾತನ್ನು ಅಣ್ಣನಿಗೆ ಹೇಗೆ ಹೇಳುವುದು? ರೌಫ್ ಐದು ಹೊತ್ತೂ ನಮಾಜು ಬಿಡದವನು. ತಾಯಿಯ ವಿಷಯದಲ್ಲಿ ಅವನಿಗೆ ಒಂದೇ ಕೊರಗು. ಬಳೆ ಬುಟ್ಟಿ ಹೊತ್ತು ನಲವತ್ತು ವರ್ಷ ಗೊಲ್ಲರ ಹಟ್ಟಿಗಳನ್ನು ಸುತ್ತಿದ ಆಕೆ, ಅವರ ದೇವರ ಕತೆಗಳನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದಳು. “ಅಮ್ಮಾನ ಅರ್ಧ ಈಮಾನು ಹಟ್ಟಿಯಲ್ಲೇ ಉಳೀತು,” ಎಂದು ಒಮ್ಮೆ ಸಿಟ್ಟಿನಲ್ಲಿ ಅಂದಿದ್ದ. ಆಮೇಲೆ ಎರಡು ದಿನ ಊಟ ಬಿಟ್ಟವನೂ ಅವನೇ.

*

ಕಫನ್ ಹೊದಿಸಿ, ಮುಖವೊಂದನ್ನು ಬಿಟ್ಟು ಮಲಗಿಸಿದ್ದಾಗ ದೊಡ್ಡಕ್ಕ ಬಂದಳು. ಬಾಗೂರಿನ ಆಚೆಯ ಗೊಲ್ಲರ ಹಟ್ಟಿಯವಳು, ತಾಜ್ ಬೀಯ ಹಳೆಯ ಗೆಳತಿ. ರೌಫ್ ಬೆಳಿಗ್ಗೆಯೇ ಹೊಸದುರ್ಗದ ಬಸ್ಸಿನ ಕಂಡಕ್ಟರನ ಕೈಲಿ ಸುದ್ದಿ ಕಳಿಸಿದ್ದ. ಹೆಗಲ ಮೇಲೆ ಕರಿ ಕಂಬಳಿ, ಮೊಣಕಾಲತನಕ ಧೂಳು. ವರ್ಷಕ್ಕೆರಡು ಸಲ ತುಪ್ಪದ ಗಡಿಗೆ ಹಿಡಿದು ಬರುತ್ತಿದ್ದ ಈ ಎತ್ತರದ ಮುದುಕಿ ಮೊಹಲ್ಲಾದವರಿಗೆಲ್ಲ ಗೊತ್ತು. ಹೆಂಗಸರು ಸರಿದು ಜಾಗ ಬಿಟ್ಟರು.

ದೊಡ್ಡಕ್ಕ ಕುಕ್ಕರುಗಾಲಲ್ಲಿ ಕುಳಿತು ಗೆಳತಿಯ ಮುಖ ನೋಡಿದಳು. ಅಳಲಿಲ್ಲ.

“ಮುಟ್ಟಬೌದೇನ್ರವ್ವಾ?” ಎಂದು ಕೇಳಿದಳು.

ಪೀರಂಬಿ ಒಂದು ಕ್ಷಣ ತಡವರಿಸಿದಳು. ಮೀಯಿಸಿ ಮಡಿ ಮಾಡಿದ ಮೈ. ಸುತ್ತಲಿದ್ದವರ ಮುಖ ನೋಡಿ, ಆಮೇಲೆ ಯಾರನ್ನೂ ನೋಡದೆ, “ಮುಟ್ಟು ತಾಯಿ,” ಎಂದಳು. ದೊಡ್ಡಕ್ಕ ಬೆರಳ ಹಿಂಬದಿಯಿಂದ ಆ ಕೆನ್ನೆಯನ್ನು ಸವರಿದಳು.

ಗಂಡಸರು ಬಂದು ಜನಾಜಾ ಎತ್ತಿದರು. ಮುಂದಿನ ಬಲಗಡೆಯ ಹೆಗಲು ರೌಫ್‌ನದು. ಬೀದಿಯ ತಿರುವಿನಲ್ಲಿ ಅವರು ಕಾಣದಾದ ಮೇಲೆ ಶಬನಾ ದೊಡ್ಡಕ್ಕನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು.

“ನಿಮ್ ಹಟ್ಟೀಲಿ ಅಮ್ಮಂಗೆ ಬೇಕಾದ ಹುಡುಗಿ ಯಾರಾದ್ರೂ ಇದ್ಲಾ ದೊಡ್ಡಕ್ಕ? ಸತ್ತು ಗಿತ್ತು ಹೋದೋಳು?”

“ಯಾಕವ್ವಾ?”

ಶಬನಾ ಬೆಳಗಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಸುಳ್ಳು ಹೇಳಿದ್ದನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ದೊಡ್ಡಕ್ಕ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಳು. ಸೆರಗು ಬಾಯಿಗೆ ಹೋಯಿತು. ಕಣ್ಣಲ್ಲಿ ನೀರು, ಆದರೆ ಭುಜ ಕುಲುಕುತ್ತಿದ್ದುದು ನಗೆಯಿಂದ.

“ಅಯ್ಯೋ ನಮ್ಮವ್ವ! ಆಡಿದಂಗೇ ಮಾಡಿ ಹೋದ್ಲಲ್ಲೇ!”

*

ಶಬನಾ ಹುಟ್ಟುವುದಕ್ಕೆ ಮೊದಲಿನ ಸಂಗತಿ ಅದು. ಗೌಸು ಎಂಬ ಅಣ್ಣನೊಬ್ಬನಿದ್ದ, ನಾಲ್ಕು ವರ್ಷಕ್ಕೇ ಜ್ವರದಲ್ಲಿ ಹೋದ ಎಂಬಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಉಳಿದದ್ದನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ, ಈಗ ದೊಡ್ಡಕ್ಕ ಹೇಳಿದಳು.

ಆಟವಾಡುತ್ತಿದ್ದ ಮಗುವನ್ನು ತನ್ನ ಅತ್ತೆಯ ಬಳಿ ಬಿಟ್ಟು ತಾಜ್ ಬೀ ಬಾಗೂರು ಕಡೆಗೆ ಬಳೆ ಮಾರಲು ಹೋಗಿದ್ದಳು. ಐದನೆಯ ದಿನ ತಿರುಗಿ ಬಂದಾಗ ಮಗುವಿನ ಗೋರಿಯ ಮಣ್ಣು ಒಣಗಿತ್ತು. ಬುಟ್ಟಿ ಇಳಿಸುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು ಅಂದಳಂತೆ: “ದುನಿಯಾಕ್ಕೆ ಸಾವು ಬಂದದ್ದೇ ಹೆಂಗಸಿಂದ. ಅವತ್ತು ಮೊದಲ ಹೆಣ್ಣು ಹವ್ವಾ ಹಣ್ಣಿಗೆ ಕೈ ಚಾಚಿದ್ಲು. ಇವತ್ತು ನೀನು ಹೊಸಲಿಂದ ಕಾಲು ಆಚೆಗಿಟ್ಟೆ.”

ತಾಜ್ ಬೀ ಅಳಲಿಲ್ಲ, ಎದುರಾಡಲೂ ಇಲ್ಲ. ವರ್ಷ ಪೂರ್ತಿ ಬುಟ್ಟಿ ಮುಟ್ಟಲಿಲ್ಲ. ಪಾತ್ರೆಗೆ ಕಲಾಯಿ ಹಾಕುವ ಗಂಡನ ಕೆಲಸ ಕುಂಟತೊಡಗಿದಾಗ ಮತ್ತೆ ಹೊರಟಳು. ಹಟ್ಟಿಯ ಬೇವಿನ ನೆರಳಲ್ಲಿ ದೊಡ್ಡಕ್ಕ ಕೈ ಚಾಚಿದಳು. ಒಂದರ ಹಿಂದೆ ಒಂದು ಮೂರು ಬಳೆ ಒಡೆದವು.

“ಯಾವತ್ತೂ ಬಳೆ ಒಡೀದೋಳು, ಇವತ್ತೇನಾಯ್ತು ಸಾಬರಮ್ಮ?”

ಆ ಒಂದು ಪ್ರಶ್ನೆಗೆ ಎಲ್ಲ ಹೊರಬಂತು. ದೊಡ್ಡಕ್ಕನೂ ಎರಡು ಕೂಸು ಮಣ್ಣು ಮಾಡಿದವಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಅಜ್ಜಿ ಹೇಳಿದ್ದ ಕತೆಯೊಂದು ಬರುತ್ತಿತ್ತು, ಅದನ್ನೇ ಹೇಳಿದಳು.

ಭೂಮಿ ಹೊಸದಾಗಿದ್ದಾಗ ಯಾರೂ ಸಾಯುತ್ತಿರಲಿಲ್ಲ. ಕುರಿ, ದನ, ಮನುಷ್ಯರು ತುಂಬಿ ತುಳುಕಿ, ಹೊರಲಾರೆ ಎಂದು ಭೂಮ್ತಾಯಿ ನರಳಿದಳು. ಆಗ ದೇವರು ಒಂದು ಹುಡುಗಿಯನ್ನು ಹುಟ್ಟಿಸಿ, ಹೋಗು, ಒಬ್ಬೊಬ್ಬರನ್ನೇ ಕರಕೊಂಡು ಬಾ ಎಂದ. ಅವಳು ಕಾಲಿಗೆ ಬಿದ್ದಳು. ತಾಯಿ ಮಡಿಲಿಂದ ಕೂಸು ಎತ್ತಲಾರೆ, ಒಲ್ಲೆ ಎಂದಳು. ಕಾಡಿಗೆ ಓಡಿಹೋಗಿ ಒಂಟಿ ಕಾಲಲ್ಲಿ ನಿಂತು ವರ್ಷಗಟ್ಟಲೆ ಅತ್ತಳು. ದೇವರು ಆ ಕಣ್ಣೀರನ್ನು ಬೊಗಸೆಯಲ್ಲಿ ಹಿಡಿದು, ಇವೇ ಜ್ವರ, ಇವೇ ಕೆಮ್ಮು. ಜನ ಇವನ್ನು ಬಯ್ಯುತ್ತಾರೆಯೇ ಹೊರತು ನಿನ್ನನ್ನಲ್ಲ, ನಿನಗೆ ತಪ್ಪು ಸುತ್ತುವುದಿಲ್ಲ ಎಂದ. ಈಗಲೂ ಅವಳು ಅಳುತ್ತಲೇ ಮನೆಮನೆಗೆ ಬರುತ್ತಾಳೆ.

ತಾಜ್ ಬೀ ಒಡೆದ ಬಳೆಯ ಚೂರುಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು. ಆಮೇಲೆ, “ನಮ್ಮಲ್ಲೂ ಅಳೋನೊಬ್ಬ ಅವ್ನೆ,” ಎಂದಳು. ಅವಳ ತಾಯಿ ಹೇಳುತ್ತಿದ್ದ ಕತೆ ಅದು. ಮೊದಲ ಮನುಷ್ಯ ಆದಮನನ್ನು ಮಾಡಲು ಮಣ್ಣು ತನ್ನಿರೆಂದು ಅಲ್ಲಾ ತನ್ನ ದೂತರಾದ ಫಿರಿಷ್ತರನ್ನು ಕಳಿಸಿದ. ನನ್ನ ಮೈ ಕೀಳಬೇಡಿ ಎಂದು ಭೂಮಿ ಅತ್ತಿತು. ಮೂವರು ಫಿರಿಷ್ತರು ಕನಿಕರಪಟ್ಟು ಬರಿಗೈಲಿ ಹಿಂದಿರುಗಿದರು. ನಾಲ್ಕನೆಯವನು, ಇಜ್ರಾಯೀಲ, ಹುಕುಂ ಮೀರಲಾರದೆ ತಂದ. ತಂದವನೇ ಒಂದು ದಿನ ಜೀವ ತೆಗೆದು ಆ ಮಣ್ಣನ್ನು ಭೂಮಿಗೆ ತಿರುಗಿ ಮುಟ್ಟಿಸಬೇಕೆಂದು ಅಲ್ಲಾ ಹೇಳಿದ. ಜನ ನನ್ನನ್ನು ಹಗೆ ಅಂತಾರೆ ಎಂದು ಅವನೂ ಅತ್ತ. ಅವನಿಗೂ ಅದೇ ಉತ್ತರ ಸಿಕ್ಕಿತು: ಜನ ಕಾಯಿಲೆ ನೋಡುತ್ತಾರೆ, ನಿನ್ನನ್ನಲ್ಲ.

ಹೇಳುತ್ತಿದ್ದ ತಾಜ್ ಬೀ ಅಲ್ಲಿಗೆ ತಟ್ಟನೆ ಕತೆ ನಿಲ್ಲಿಸಿದಳು. ಬೆರಳು ಮಡಿಚತೊಡಗಿದಳು.

“ಮೊದ್ಲು ಮಣ್ಣು. ಆಮೇಲೆ ಆದಮ. ಆಮೇಲೆ ಹವ್ವಾ. ಹಣ್ಣು ಅದಕ್ಕೂ ಆಮೇಲೆ. ಹಂಗಾದ್ರೆ ದೊಡ್ಡಕ್ಕ, ಆ ಹೆಣ್ಣು ಕೈ ಚಾಚೋಕೆ ಮುಂಚೇನೇ ಸಾವು ಗೊತ್ತು ಮಾಡಾಗಿತ್ತಲ್ಲ!”

“ಅದನ್ನೇ ನಾನೂ ಅಂದಿದ್ದು. ನಿನ್ ಕಾಲು ಏನ್ ಮಾಡೀತು?”

ಆಗ ಅತ್ತಳು. ವರ್ಷದ ಅಳುವನ್ನೆಲ್ಲ ದೊಡ್ಡಕ್ಕನ ಮಡಿಲಲ್ಲಿ ಅತ್ತಳು. ಮೇಯಲು ಹೋದ ಕುರಿ ಹಟ್ಟಿಗೆ ಬಂದರೂ ಏಳಲಿಲ್ಲ.

*

“ಅವತ್ತಿಂದ ಮೂವತ್ತಾರು ವರ್ಷ ಜಗಳ ಆಡಿದ್ವಿ,” ಎಂದಳು ದೊಡ್ಡಕ್ಕ ಮೂಗು ಒರೆಸಿಕೊಳ್ಳುತ್ತಾ. “ಬರೋದು ನಮ್ ಹುಡುಗೀನೋ, ನಿಮ್ ಫಿರಿಷ್ತನೋ ಅಂತ. ಗಂಡ್ಸು ಅಷ್ಟೆಲ್ಲಾ ಅಳ್ತಾನೇನೆ ಅಂತ ನಾನು. ನಿನ್ ಹುಡುಗಿ ವರ್ಷಗಟ್ಲೆ ಕಾಡಲ್ಲಿ ನಿಂತಿದ್ರೆ ಊರಲ್ಲಿ ಕೆಲಸ ಯಾರು ಮಾಡಿದ್ರು ಅಂತ ಅವಳು. ಕಾಯಿಲೆ ಬಿದ್ಮೇಲೆ ನಾನು ನೋಡಾಕೆ ಬಂದಿದ್ನಲ್ಲ, ಅವತ್ತು ಅಂದ್ಲು: ಯಾರೇ ಬರ್ಲಿ ದೊಡ್ಡಕ್ಕ, ಅಳ್ತಾ ಬರೋರನ್ನ ಬಾಗಿಲಲ್ಲಿ ನಿಲ್ಸಲ್ಲ. ಒಳಗೆ ಕರ್ದು ಕೂರಿಸ್ತೀನಿ. ಆಮೇಲೆ ನನ್ ಕಲಿಮಾ ಹೇಳ್ಕಂಡು ಹೊರಡ್ತೀನಿ ಅಂತ.”

ಶಬನಾ ಅವಳ ಮೊಣಕೈ ಹಿಡಿದಳು. “ಕಲಿಮಾ ಅಂತ ಅಂದ್ಲಾ?”

“ಅಂದ್ಲು. ಅದು ಮರೆಯೋ ಹೆಂಗಸಾ ಅವಳು? ನಮ್ ಹಟ್ಟೀಲಿ ಕುಂತೇ ನಿಮ್ ನಮಾಜು ಮಾಡೋಳು. ನಾನೇ ಕಂಬಳಿ ಹಾಸಿಕೊಡ್ತಿದ್ದೆ.”

ಬೆಳಿಗ್ಗೆ ತಾನು ಬಾಗಿಲಿಂದ ತಿರುಗಿ ಬರುವಾಗ ತಾಯಿಯ ತುಟಿ ಅಲುಗಿತ್ತು. ಒಂದು ಸಲವಲ್ಲ, ಎರಡು ಮೂರು ಸಲ, ಸದ್ದಿಲ್ಲದೆ. ನೀರು ಕೇಳುತ್ತಿದ್ದಾಳೆಂದು ಶಬನಾ ಅಂದುಕೊಂಡಿದ್ದಳು. ಈಗ ಆ ತುಟಿಗಳ ಚಲನೆ ಕಣ್ಣಿಗೆ ಕಟ್ಟಿ, ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು.

ಸಂಜೆಗೆ ಮುಂಚೆ ರೌಫ್ ಬಂದ. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಾ, “ಗೌಸು ಪಕ್ಕದಲ್ಲೇ ಜಾಗ ಸಿಕ್ತು,” ಎಂದ.

“ಭಯ್ಯಾ, ನಾನು ಪೂರ್ತಿ ನಿಜ ಹೇಳ್ಲಿಲ್ಲ,” ಎಂದು ಶುರುಮಾಡಿದ ಶಬನಾ ಒಂದನ್ನೂ ಬಿಡದೆ ಹೇಳಿದಳು. ತಾಯಿಗೆ ಅತ್ತೆ ಆಡಿದ ಮಾತು, ಅಳುವ ಹುಡುಗಿ, ಮಣ್ಣು, ತುಟಿ ಎಲ್ಲ. ರೌಫ್ ನೀರಿನ ತೊಟ್ಟಿಯ ಅಂಚಿನಲ್ಲಿ ಕುಳಿತು ಕೇಳಿದ. ಬೈಯುತ್ತಾನೆಂದು ಶಬನಾ ಕಾದಳು.

“ನಾನಿದ್ದಿದ್ರೆ, ಬಾಗಿಲ ಕಡೆ ನೋಡ್ಬೇಡ, ಕಲಿಮಾ ಹೇಳು ಅಂತ ಗದರ್ತಿದ್ದೆ,” ಎಂದ ಕೊನೆಗೆ. “ಇಲ್ದೇ ಇದ್ದದ್ದೇ ಒಳ್ಳೇದಾಯ್ತು.” ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡು ನಕ್ಕ. “ಇಜ್ರಾಯೀಲನಿಗೂ ಕುಂತ್ಕ ಅಂದ್ಲಲ್ಲೇ! ಯಾರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ಲು ಹೇಳು ಅಮ್ಮಾ?”

“ಪೀರಂಬಿಗೆ ಹೇಳ್ಬೇಕಾ?”

“ತುಟಿ ಅಲುಗಿದ್ದು ನಿಜ ತಾನೆ? ಸಾಕು ಬಿಡು.”

ಅಷ್ಟರಲ್ಲಿ ನಡುಮನೆಯಿಂದ ಚೀರಿದ ಸದ್ದು ಕೇಳಿತು. ಇಬ್ಬರೂ ಓಡಿದರು. ಸಾವಿನ ಮನೆಗೆಂದು ಅನ್ನದ ಪಾತ್ರೆ ತಂದ ಪಕ್ಕದ ಮನೆಯವಳು ಹೊಸ್ತಿಲಲ್ಲಿ ಎದೆ ಹಿಡಿದುಕೊಂಡು ನಿಂತಿದ್ದಳು. ಒಳಗೆ ಚಾಪೆಯ ಮೇಲೆ ಹೆಣದ ಹಾಗೆ ಉದ್ದಕ್ಕೆ ಕಾಲು ಚಾಚಿ ಮಲಗಿದ್ದಳು ದೊಡ್ಡಕ್ಕ. ಬಾಯಿ ತೆರೆದಿತ್ತು. ಒಂದು ಗೊರಕೆ ಗರ್ರೆಂದು ಏರಿ, ನಿಂತು, ಮತ್ತೆ ಏರಿತು. ಮೂಲೆಯಲ್ಲಿದ್ದ ಹೆಂಗಸರು ಸೆರಗು ಕಚ್ಚಿ ನಗು ತಡೆದುಕೊಂಡರು.

“ಏಳಿಸ್ಲಾ? ಕಡೇ ಬಸ್ಸು ಹೋಗ್ತೈತೆ,” ಎಂದಳು ಪೀರಂಬಿ.

“ಹೋಗ್ಲಿ,” ಎಂದ ರೌಫ್.

ಶಬನಾ ಕಾಲ ಬಳಿ ಸರಿದಿದ್ದ ಕರಿ ಕಂಬಳಿಯನ್ನು ಮೆಲ್ಲಗೆ ಎಳೆದು ಮೊಣಕಾಲು, ಹೊಟ್ಟೆ, ಎದೆ ಹೊದಿಸುತ್ತಾ ಬಂದು ಗದ್ದದ ಬಳಿ ನಿಲ್ಲಿಸಿದಳು. ಮುಖದ ಮೇಲೆ ಕುಳಿತ ನೊಣವನ್ನು ಕೈಬೀಸಿ ಓಡಿಸಿದಳು.