ಲೌರಿ ಕಡಿಯಗೊಡದ ಗಿಡಗಳು

ವೇಲ್ಸ್ ಕಡಲತೀರದ ಮರಳುದಿಬ್ಬದಲ್ಲಿ ಲೌರಿಯ ತುಂಡು ಜಮೀನಿನ ತುಂಬ ಹಳದಿ ಹೂವಿನ ರಾಗ್‌ವರ್ಟ್ ಗಿಡಗಳು ಬೆಳೆದಿದ್ದವು. ಜುಲೈ ತಿಂಗಳ ಒಂದು ಬೆಳಗ್ಗೆ ಪಕ್ಕದ ಜಮೀನಿನ ಎಮ್ರಿಸ್ ಕಳೆ ಕತ್ತರಿಸುವ ಯಂತ್ರ ಹೊತ್ತು, ಹೇಳದೆ ಕೇಳದೆ ಒಳಗೆ ಬಂದ.

"ಇದು ಕುದುರೆಗೆ ವಿಷ ಕಣೇ. ನನ್ನ ಕುದುರೆ ಸತ್ರೆ ನೀನು ತಂದ್ಕೊಡ್ತೀಯಾ?"

"ನಿನ್ನ ಭಯ ಸುಳ್ಳಲ್ಲ ಮಾರಾಯ. ಆದ್ರೆ ಜಮೀನು ನಂದು. ಗಿಡ ಕಡಿದ್ರೆ ಈ ಹುಳಗಳಿಗೆ ಮೇವಿಲ್ಲ," ಎನ್ನುತ್ತ ಲೌರಿ ಗಿಡಗಳ ನಡುವೆಯೇ ಚಕ್ಕಂಬಕ್ಕಳ ಹಾಕಿ ಕೂತಳು.

ಅವಳ ಸುತ್ತ ಕಪ್ಪು-ಹಳದಿ ಪಟ್ಟೆಯ ಹುಳುಗಳು ಎಲೆ ಮೇಯುತ್ತಿದ್ದವು. ತಿಂದ ವಿಷವನ್ನೇ ಮೈಯಲ್ಲಿಟ್ಟುಕೊಂಡ ಅವನ್ನು ಹಕ್ಕಿಗಳೂ ಮುಟ್ಟುತ್ತಿರಲಿಲ್ಲ.

"ಹುಳಕ್ಕೋಸ್ಕರ ನೆರೆಯವನನ್ನ ಎದುರು ಹಾಕ್ಕೋತೀಯಾ?"

"ಹೌದು, ಹಾಕ್ಕೋತೀನಿ."

ಎಮ್ರಿಸ್ ಬೈಯುತ್ತ ಹೋದ. ಮಧ್ಯಾಹ್ನ ಲೌರಿ ಅವನ ಬೇಲಿಯಂಚಿನ ಗಿಡಗಳನ್ನೆಲ್ಲ ತಾನೇ ಬೇರುಸಹಿತ ಕಿತ್ತು, ಅವುಗಳ ಮೇಲಿದ್ದ ಹುಳುಗಳನ್ನು ಒಳಗಿನ ಗಿಡಗಳಿಗೆ ದಾಟಿಸಿದಳು. ಉಳಿದದ್ದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಹುಳುಗಳು ಮಣ್ಣಿಗಿಳಿದು, ಗೂಡು ಕಟ್ಟಿ, ಚಳಿಗಾಲವಿಡೀ ಮಲಗಿದವು.

ಮೇ ತಿಂಗಳಲ್ಲಿ, ಕಪ್ಪು ರೆಕ್ಕೆಗೆ ಕುಂಕುಮದ ಗೆರೆ ಎಳೆದಂಥ ಪತಂಗಗಳು ಹಾಡುಹಗಲೇ ಎದ್ದು ಹಾರಿದವು. ಬೇಲಿಯಾಚೆ ನಿಂತು ನೋಡುತ್ತಿದ್ದ ಎಮ್ರಿಸ್ ಕೊನೆಗೂ ಬಾಯಿಬಿಟ್ಟ.

"ಏನು ಬಣ್ಣ ಇವಕ್ಕೆ! ಈ ಸಲಾನೂ ಅಂಚಿನ ಗಿಡ ಕೀಳ್ತೀಯಾ ತಾನೇ?"

"ಕೀಳ್ತೀನಿ. ನೀನು ಕೇಳಿದ್ದಕ್ಕಲ್ಲ, ಕುದುರೆಗೋಸ್ಕರ."