ಮಾವ ಇಳಿದು ಬರುವ ತನಕ

ರೇಸಿಗೆ ಮುಂಚೆ ಫೋಟೊ ತೆಗೆಸಿಕೊಳ್ಳಬಾರದು ಎನ್ನುವುದು ನನ್ನ ಮಾವ ಹಾಯ್ಟ್ ಅವರ ಕಟ್ಟುನಿಟ್ಟು. ಹಸಿರು ಬಣ್ಣದ ಕಾರು ಕೂಡದು, ಗ್ಯಾರೇಜಿನೊಳಗೆ ಸಿಪ್ಪೆಯಿರುವ ಕಡಲೆಕಾಯಿ ಕೂಡದು, ಫೋಟೊವಂತೂ ಖಂಡಿತ ಕೂಡದು; ಎಲ್ಲವೂ ಅಪಶಕುನ. ನಮ್ಮ ಕಡೆಯ ಹಳೆಯ ರೇಸುಗಾರರೆಲ್ಲ ಹೀಗೆಯೇ. ಅಂಥವರ ಮನೆಗೆ ಸೊಸೆಯಾಗಿ ಬಂದ ನಾನು ಪೈನಿ ಫೋರ್ಕ್ ರೇಸ್ ಟ್ರ್ಯಾಕಿನ ಫೋಟೊಗ್ರಾಫರ್ ಆದದ್ದು ಅವರ ದುರದೃಷ್ಟ.

ರೇಸು ಮುಗಿದ ಮೇಲಾದರೂ ಕೈಗೆ ಸಿಗುತ್ತಾರೆಯೇ? ಅದೂ ಇಲ್ಲ. "ಗೆದ್ದ ದಿನ ತೆಗಿ, ವಿಕ್ಟರಿ ಲೇನಲ್ಲಿ ನಿಂತ್ಕೋತೀನಿ. ಸೋತವರ ಫೋಟೊ ಯಾರಿಗಮ್ಮ ಬೇಕು?" ಎಂದು ಕಾರಿನ ಅಡಿಗೆ ತೂರಿಕೊಂಡುಬಿಡುತ್ತಾರೆ. ಆ ಕಾರು ಓಡಿಸುವವಳು ನನ್ನ ಮಗಳು ಟ್ಯಾನ್ಸಿ. ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಹೀಗಾಗಿ ಊರಿನ ಅರ್ಧ ಜನರ ಮುಖ ನನ್ನ ಕ್ಯಾಮೆರಾದಲ್ಲಿದ್ದರೂ ಅಜ್ಜ ಮೊಮ್ಮಗಳು ಟ್ರ್ಯಾಕಿನಲ್ಲಿ ಜೊತೆಗೆ ನಿಂತ ಫೋಟೊ ಒಂದೂ ಇರಲಿಲ್ಲ.

ವರ್ಷದ ಕೊನೆಯ ರೇಸಿನ ವಾರ ಅದು. ಶುಕ್ರವಾರ ಸಂಜೆ ಬೇಯಿಸಿದ ಹುರುಳಿಕಾಯಿ, ಜೋಳದ ಬ್ರೆಡ್ಡು ಮೇಜಿಗೆ ತಂದಿಟ್ಟು ಕೂರುವಷ್ಟರಲ್ಲಿ ಮಾವ ಮಂಡಿ ನೀವಿಕೊಳ್ಳುತ್ತ ಹೇಳಿದರು.

"ನೆಟ್ಟಿ, ಮುಂದಿನ ವರ್ಷ ನಾ ಬರಲ್ಲ ಕಣಮ್ಮ. ಆ ಮೆಟ್ಟಿಲು ಹತ್ತೋಕೆ ಈ ಕಾಲು ಒಪ್ತಿಲ್ಲ."

ಟ್ರ್ಯಾಕಿನ ಆಚೆ ಬದಿಗೆ ಎತ್ತರದ ಕಬ್ಬಿಣದ ಅಟ್ಟವಿದೆ. ಪ್ರತಿ ಕಾರಿನ ಕಡೆಯ ಒಬ್ಬರು ಅಲ್ಲಿ ನಿಂತು, ಪಕ್ಕದಲ್ಲಿ ಯಾರಿದ್ದಾರೆ, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ರೇಡಿಯೋದಲ್ಲಿ ಹೇಳುತ್ತಿರಬೇಕು. ಟ್ಯಾನ್ಸಿಗೆ ಹಾಗೆ ಹೇಳುವವರು ಮಾವ.

"ಕೆಳಗೇ ಕೂತ್ಕೊಂಡು ನೋಡು ಅಜ್ಜ," ಎಂದಳು ಟ್ಯಾನ್ಸಿ.

"ಕೆಳಗೆ ಕೂತು ನೋಡೋದು ಟಿಕೆಟ್ ತಗೊಂಡವರು. ನಾನು ಮನೇಲಿರ್ತೀನಿ."

ನಾನು ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗಿಟ್ಟೆ. "ಹಾಗಾದ್ರೆ ಮಾವ, ಈ ಭಾನುವಾರ ಒಂದೇ ಒಂದು ಫೋಟೊ..."

"ಗೆದ್ರೆ."

ಟ್ಯಾನ್ಸಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೆಲ್ತೀನಿ ಬಿಡು. ಅಮ್ಮ, ಬೆಣ್ಣೆ ಈ ಕಡೆ ತಳ್ಳು."

ಶನಿವಾರ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಓಟ. ನಾನು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕೊನೆಯ ತಿರುವಿನ ಒಳಬದಿಯ ಗೋಡೆಯ ಹಿಂದೆ ನಿಂತೆ. ಕಾರು ಬರುವ ವೇಗಕ್ಕೇ ಕ್ಯಾಮೆರಾವನ್ನೂ ತಿರುಗಿಸುತ್ತ ಗುಂಡಿ ಒತ್ತಬೇಕು. ಆಗ ಹಿಂದಿನ ಜನ, ಬೇಲಿ, ಜಾಹೀರಾತು ಎಲ್ಲ ಕಲಸಿಹೋಗಿ ಕಾರೊಂದೇ ನಿಚ್ಚಳವಾಗಿ ನಿಲ್ಲುತ್ತದೆ. ತಿರುಗಬೇಕಾದದ್ದು ಕೈಯಲ್ಲ, ಸೊಂಟ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆ ಮಾಡಿದವರಿಗೆ ಇದು ಬೇಗ ಒಗ್ಗುತ್ತದೆ. ಟೈರಿನ ಚೂರುಗಳು ಮಾತ್ರ ತಲೆತುಂಬ ಸಿಕ್ಕಿಕೊಳ್ಳುತ್ತವೆ; ಸೋಮವಾರ ಬಾಚಿದರೂ ಉದುರುತ್ತಿರುತ್ತವೆ.

ಟ್ಯಾನ್ಸಿಗೆ ಮೂರನೆಯ ಜಾಗ ಸಿಕ್ಕಿತು. ಮೊದಲನೆಯದು ಎಂದಿನಂತೆ ಬರ್ಲ್ ಹಾರ್ಮನ್‌ನದು. ಗಡ್ಡದ ಆಳು, ಬಾಯಿ ಜೋರು, ಗೆಲ್ಲುವುದು ರೂಢಿಯಾಗಿಹೋದವನು. ತಿಂಡಿ ಅಂಗಡಿಯ ಮುಂದೆ ಹುರಿದ ಮಾಂಸದ ಸ್ಯಾಂಡ್‌ವಿಚ್ ಜಗಿಯುತ್ತ ನನ್ನನ್ನು ಅಡ್ಡಗಟ್ಟಿದ.

"ನೆಟ್ಟಿ ಅಕ್ಕ, ನಾಳೆ ನನ್ನ ಬಲಗೆನ್ನೆ ತೆಗಿ. ಎಡಗೆನ್ನೆ ಹೋದ ಸಲವೇ ಚೆನ್ನಾಗಿ ಬಂದಿದೆ."

"ನಾಳೆ ನೀನು ಸೋತು ಕಾರನ್ನ ಟ್ರೈಲರ್‌ಗೆ ಹತ್ತಿಸ್ತಿರ್ತೀಯಲ್ಲ, ಆವಾಗ ತೆಗೀತೀನಿ. ಬಾಯಿ ಒರೆಸ್ಕೋ ಮೊದಲು."

ಭಾನುವಾರ ಚರ್ಚು ಮುಗಿಸಿ, ವರಾಂಡದಲ್ಲಿ ಒಣಹಾಕಿದ್ದ ಟ್ಯಾನ್ಸಿಯ ಉಡುಪು ಮಡಚಿಕೊಂಡು ಹೊರಟೆವು. ಮಧ್ಯಾಹ್ನದ ಬಿಸಿಲಿನಲ್ಲಿ ರೇಸು ಶುರುಮಾಡುವ ಹಸಿರು ಬಾವುಟ ಬೀಸಿದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಜ್ಜ ಮೊಮ್ಮಗಳ ಮಾತು ಕೇಳುತ್ತ ನನ್ನ ಜಾಗದಲ್ಲಿ ನಿಂತಿದ್ದೆ. ಓಟದ ಬಹುಪಾಲು "ಒಳಗಡೆ ಒಬ್ಬ", "ಹೋದ", "ಉಸಿರು ಬಿಡು ಮಗಾ" ಇಷ್ಟೇ. ನಡುವೆ ಎರಡನೆಯ ಸ್ಥಾನದವನ ಇಂಜಿನ್ನು ಹೊಗೆಯಾಡಿ ಅವನು ಹೊರಬಿದ್ದ. ಈಗ ಟ್ಯಾನ್ಸಿಯ ಮುಂದೆ ಬರ್ಲ್ ಒಬ್ಬನೇ.

"ಅವನು ದಾರಿ ಬಿಡಲ್ಲ," ಮಾವನ ದನಿ ಬಂತು. "ಬಂಪರ್ ಇರೋದು ಅಲಂಕಾರಕ್ಕಲ್ಲ."

"ಗೊತ್ತು ಅಜ್ಜ."

"ನೂಕು. ಆದ್ರೆ ಕೆಡವಬೇಡ."

ಕೊನೆಯ ಸುತ್ತಿನಲ್ಲಿ, ನನ್ನ ಕಣ್ಣೆದುರೇ, ಟ್ಯಾನ್ಸಿ ಅವನ ಹಿಂಬದಿಯನ್ನು ಮೆಲ್ಲಗೆ ಮುಟ್ಟಿದಳು. ಬಾಗಿಲನ್ನು ಮೊಣಕೈಯಿಂದ ನೂಕಿದ ಹಾಗೆ. ಬರ್ಲ್‌ನ ಕಾರು ಬಾಲ ಅಲ್ಲಾಡಿಸಿ ಸ್ವಲ್ಪ ಹೊರಗಡೆಗೆ ಜಾರಿತು. ಆ ಸಂದಿನಲ್ಲಿ ಅವಳು ನುಗ್ಗಿದಳು. ನನ್ನ ಸೊಂಟ ತಾನಾಗಿ ತಿರುಗಿತು, ಬೆರಳು ತಾನಾಗಿ ಒತ್ತಿತು. ಗೆದ್ದವರಿಗೆ ಬೀಸುವ ಚೌಕುಳಿ ಬಾವುಟ ಟ್ಯಾನ್ಸಿಗೆ ಬಿತ್ತು.

ರೇಡಿಯೋದಲ್ಲಿ ಮೂಗು ಎಳೆದುಕೊಂಡ ಸದ್ದು. "ಬಂಪರ್ ಬಾಗಿರುತ್ತೆ. ನಾಳೆ ನೋಡೋಣ," ಎಂದರು ಮಾವ.

ವಿಕ್ಟರಿ ಲೇನಿಗೆ ಓಡಿದೆ. ಟ್ಯಾನ್ಸಿ ಕಿಟಕಿಯಿಂದ ಹೊರಗೆ ಬಂದು ಕಾರಿನ ಮೇಲೆ ನಿಂತು ಕೂಗುತ್ತಿದ್ದಳು. ಗೇಟಿನಲ್ಲಿ ಅದೇ ದಿನದ ಮುಂದಿನ ರೇಸಿಗೆ ಇಳಿಯುವ ಟ್ರಕ್ಕುಗಳು ಆಗಲೇ ಗುರುಗುಡುತ್ತಿದ್ದವು. ಟ್ರ್ಯಾಕಿನ ಯಜಮಾನ ಫ್ಲಾಯ್ಡ್ ಗಡಿಯಾರ ನೋಡಿಕೊಂಡು, "ಬೇಗ ಬೇಗ ಮುಗ್ಸು ನೆಟ್ಟಿ," ಎಂದರು.

ನಾನು ಆಚೆ ಬದಿಗೆ ನೋಡಿದೆ. ಅಟ್ಟದ ಮೇಲಿದ್ದವರೆಲ್ಲ ಇಳಿದಾಗಿತ್ತು. ಮೆಟ್ಟಿಲ ಮೇಲೆ ಒಂದೇ ಒಂದು ಆಕೃತಿ. ಒಂದು ಮೆಟ್ಟಿಲು, ಅದರ ಮೇಲೆ ಎರಡೂ ಕಾಲು, ಕಂಬಿ ಹಿಡಿದು ಸುಧಾರಿಸಿಕೊಳ್ಳುವುದು. ಮತ್ತೆ ಇನ್ನೊಂದು ಮೆಟ್ಟಿಲು.

ರೇಸಿಗೆ ದುಡ್ಡು ಹಾಕಿದ ಒಂದೊಂದು ಅಂಗಡಿಯ ಟೋಪಿಯನ್ನೂ ಗೆದ್ದವರು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಬೇಕೆಂಬ ಪದ್ಧತಿಯಿದೆ. ಟೈರ್ ಅಂಗಡಿ, ಬ್ಯಾಂಕು, ಕೋಳಿ ಹೋಟೆಲು. ಯಾವಾಗಲೂ ನಾನು ಅದನ್ನು ಚಕಚಕನೆ ಮುಗಿಸುವವಳು. ಅಂದು ಮಾತ್ರ ನನಗೆ ಯಾವ ಫೋಟೊವೂ ಹಿಡಿಸಲಿಲ್ಲ.

"ಟ್ಯಾನ್ಸಿ, ಕೂದಲು ಹಾರ್ತಿದೆ. ಟೈರ್ ಟೋಪಿ ಇನ್ನೊಂದ್ಸಲ."

ಮಗಳು ಒಮ್ಮೆ ನನ್ನ ಮುಖ, ಒಮ್ಮೆ ಆ ಮೆಟ್ಟಿಲು ನೋಡಿದಳು. ಟೋಪಿ ಅವಳ ಕೈಯಿಂದ ಜಾರಿ ಕಾರಿನಡಿಗೆ ಉರುಳಿತು. "ಅಯ್ಯೋ, ಬಿದ್ದೇಹೋಯ್ತು," ಎಂದು ನಿಧಾನವಾಗಿ ಬಗ್ಗಿದಳು.

"ಏನಮ್ಮ, ಅದೇ ಟೋಪಿ ಎಷ್ಟು ಸಲ?" ಎಂದರು ಫ್ಲಾಯ್ಡ್.

"ಹಲ್ಲು ಕಾಣ್ಲಿಲ್ಲ ಸಾರ್."

ಅಷ್ಟರಲ್ಲಿ ಬರ್ಲ್ ತನ್ನ ನಾಲ್ಕು ಚಕ್ರದ ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. "ಏಯ್ ಹುಡುಗಿ! ಇದೇನು ಕಾರು ಓಡಿಸೋ ರೀತಿನಾ?"

"ನಿಮ್ಮನ್ನ ನೋಡೇ ಕಲ್ತಿದ್ದು ಅಂಕಲ್!"

ಅವನ ಮುಖ ಕೆಂಪಗಾಯಿತು. ನನಗೆ ದೇವರೇ ಕಳಿಸಿದ ಹಾಗಾಯಿತು. "ಬರ್ಲ್, ಬೈಯೋದಿದ್ರೆ ನಿಧಾನವಾಗಿ ಬೈಯಪ್ಪ. ಏನೂ ಅವಸರ ಇಲ್ಲ."

ಅವನು ನಾನು ನೋಡುತ್ತಿದ್ದ ಕಡೆ ನೋಡಿದ. "ಆ ಮುದುಕ ಬರ್ಬೇಕಾ?"

"ಹೂಂ. ಮುಂದಿನ ವರ್ಷದಿಂದ ಬರಲ್ವಂತೆ."

ಹೆಲ್ಮೆಟ್ಟನ್ನು ನನ್ನ ಕೈಗೆ ತುರುಕಿದ. "ಕೋಪ ಇರೋದು ಈ ಹುಡುಗಿ ಮೇಲೆ, ಹಾಯ್ಟ್ ಮೇಲಲ್ಲ. ಬಂದ್ಮೇಲೆ ಬೈತೀನಿ, ಎಲ್ಲೂ ಹೋಗ್ಬೇಡ ನೀನು!" ಎಂದು ಅಟ್ಟದ ಕಡೆಗೆ ಬೈಕು ತಿರುಗಿಸಿದ.

ಫ್ಲಾಯ್ಡ್ ಗಡಿಯಾರವನ್ನು ತೋಳಿನೊಳಗೆ ಸರಿಸಿಕೊಂಡರು. "ಆ ಕೋಳಿ ಟೋಪಿ ಇನ್ನೊಮ್ಮೆ ಹಾಕ್ಸು," ಎಂದರು. "ಸರಿಯಾಗಿ ಬಂದಿಲ್ಲ ಅನ್ಸುತ್ತೆ."

ಬರ್ಲ್‌ನ ಸೊಂಟ ತಬ್ಬಿಕೊಂಡು, ಬೈಯುತ್ತಲೇ ಬಂದಿಳಿದರು ನಮ್ಮ ಮಾವ. ಇಳಿದವರೇ ಗೇಟಿನ ಟ್ರಕ್ಕುಗಳನ್ನು ಕಂಡು ಹಿಂದೆ ಸರಿದರು. "ಅಲ್ಲಿ ರೇಸ್ ಶುರುವಾಗ್ತಿದೆ! ರೇಸಿಗೆ ಮುಂಚೆ ಫೋಟೊ..."

"ಅದು ನಮ್ಮ ರೇಸಲ್ಲ!" ಎಂದು ನಾನು, ಟ್ಯಾನ್ಸಿ, ಬರ್ಲ್ ಒಟ್ಟಿಗೇ ಕೂಗಿದೆವು.

ನಿಂತರು.

ಆ ಫೋಟೊ ಈಗ ನಮ್ಮ ಅಡುಗೆಮನೆಯಲ್ಲಿ, ಒಲೆಯ ಎಣ್ಣೆ ಸಿಡಿಯದಷ್ಟು ದೂರದಲ್ಲಿದೆ. ಟ್ಯಾನ್ಸಿಯ ತಲೆಯ ಮೇಲೆ ಕೋಳಿ ಹೋಟೆಲಿನ ಟೋಪಿ ಸೊಟ್ಟಗಿದೆ. ಹಿಂದೆ ಬರ್ಲ್ ಕೈಕಟ್ಟಿಕೊಂಡು ಸಿಡುಕುತ್ತ ನಿಂತಿದ್ದಾನೆ. ಅವನನ್ನು ಯಾರೂ ಕರೆಯಲಿಲ್ಲ, ಯಾರೂ ಹೋಗೆನ್ನಲಿಲ್ಲ. ಮಾವನ ಒಂದು ಕೈ ಮೊಮ್ಮಗಳ ಹೆಗಲ ಮೇಲಿದೆ. ಕಣ್ಣು ಮಾತ್ರ ಮುಂದಿನ ಬಲಗಡೆಯ ಟೈರಿನ ಮೇಲಿದೆ.

"ಮಾವ, ಈ ಕಡೆ ನೋಡಿ," ಎಂದಿದ್ದೆ.

"ತೆಗೀ ತೆಗೀ, ನಿಂತಿದ್ದೀನಲ್ಲ. ಟ್ಯಾನ್ಸಿ, ಈ ಟೈರಿಗೆ ಗಾಳಿ ಜಾಸ್ತಿ ಆಗಿದೆ ಕಣೇ. ಮುಂದಿನ ವರ್ಷ..." ಎಂದು ಶುರುಮಾಡಿದ್ದರು.

ಅಲ್ಲಿಗೇ ಒತ್ತಿಬಿಟ್ಟೆ.