ಬೋಗುಣಿಯೊಳಗೆ ನೆಟ್ಟಗೆ ನಿಂತ ಗಂಡ

ಹದಿನಾರು ವರ್ಷದಿಂದ ಸ್ಟುಡಿಯೋ ಅಕ್ಕ ತೆಗೆದದ್ದು ಒಂದೇ ತರದ ಫೋಟೋ: ಬಿಳಿ ಪರದೆ, ನೆಟ್ಟಗಿನ ಮುಖ, ಎರಡು ಕಿವಿ. ಪಾಸ್‌ಪೋರ್ಟಿಗೆ ಬೇರೇನು ಬೇಕು ಹೇಳಿ? ಆದರೆ ಛಾಯಾಗ್ರಾಹಕರ ಸಂಘದ ಪ್ರದರ್ಶನಕ್ಕೆ ಅವಳು ಕಳಿಸಿದ್ದೆಲ್ಲ ಪ್ರತಿ ವರ್ಷ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು. ಹೋದ ಸಲ ಸಂಘದ ಅಧ್ಯಕ್ಷರು ಎಲ್ಲರೆದುರು, "ಪಾಸ್‌ಪೋರ್ಟ್ ಫೋಟೋಗೆ ನಿಮ್ಮ ಕೈ ಚೆನ್ನಾಗಿದೆ ಅಮ್ಮಾ, ಈ ಕಲೆಗಿಲೆ ನಿಮಗ್ಯಾಕೆ?" ಅಂದುಬಿಟ್ಟಿದ್ದರು. ಆ ಮಾತು ಇನ್ನೂ ಒಳಗೆ ಉರಿಯುತ್ತಿತ್ತು. ಈ ಸಲವೂ ವಾಪಸು ಬಂದರೆ ಮತ್ತೆಂದೂ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಶಪಥ ಮಾಡಿದ್ದಳು.

ಈ ವರ್ಷದ ವಿಷಯ: ನೀರು, ಗಾಜು, ಬೆಳಕು. ಇವತ್ತೇ ಕೊನೆ ದಿನ, ಸಂಜೆ ಐದರೊಳಗೆ ಕೊಡಬೇಕು. ಅಕ್ಕ ಮೀನು ಸಾಕುವ ಗುಂಡನೆಯ ಗಾಜಿನ ಬೋಗುಣಿಗೆ ನೀರು ತುಂಬಿ ಸ್ಟೂಲಿನ ಮೇಲಿಟ್ಟಳು. ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಗಂಡನನ್ನು ಎಳೆದು ತಂದು ಅದರ ಹಿಂದೆ ನಿಲ್ಲಿಸಿದಳು. ಕ್ಯಾಮೆರಾಕ್ಕೆ ಕಣ್ಣಿಟ್ಟವಳೇ "ಅಯ್ಯಯ್ಯೋ!" ಎಂದಳು. ನೀರಿನೊಳಗೆ ಗಂಡ ತಲೆಕೆಳಗಾಗಿ ನೇತಾಡುತ್ತಿದ್ದ.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡಿ ಬಟನ್ ಒತ್ತುತ್ತಿದ್ದರು. ಜನ ನೀರು ತುಂಬಿಸುವುದೇ ಈ ಚಮತ್ಕಾರಕ್ಕೆ! ಆದರೆ ಹದಿನಾರು ವರ್ಷದ ಚಾಳಿ ಬಿಡಬೇಕಲ್ಲ.

"ರೀ, ತಲೆ ಮೇಲೆ ನಿಂತ್ಕೊಳ್ಳಿ. ಆಗ ಒಳಗೆ ನೆಟ್ಟಗೆ ಕಾಣ್ತೀರಾ."

"ತಲೆಕೆಳಗೆ ಕಾಣೋದೇ ಚೆನ್ನಾಗಿದೆ ಅಲ್ವೇನೇ?"

"ತಲೆಕೆಳಗಿರೋ ಮುಖಾನಾ? ಅದು ಫೋಟೋ ಅಲ್ಲ ರೀ, ಅಪರಾಧ!"

ಕಟ್ಟಿಕೊಂಡ ತಪ್ಪಿಗೆ ಆ ಪುಣ್ಯಾತ್ಮ ದಿಂಬಿನ ಮೇಲೆ ತಲೆಯೂರಿ, ಗೋಡೆಗೆ ಕಾಲು ಒರಗಿಸಿ ನಿಂತ. ಜೇಬಿನಿಂದ ಗುಂಡಿ, ದಾರದುಂಡೆ, ಸೀಮೆಸುಣ್ಣದ ಚೂರು ಎಲ್ಲ ಉದುರಿದವು. ಕೆನ್ನೆಗಳು ಕಣ್ಣಿನತ್ತ ಜಾರಿದವು, ಮೀಸೆಯೂ ಹಿಂಬಾಲಿಸಿತು.

"ಗದ್ದ ಸ್ವಲ್ಪ ಮೇಲೆ... ಅಲ್ಲಲ್ಲ, ನಿಮ್ಮ ಮೇಲಲ್ಲ, ನನ್ನ ಮೇಲೆ! ನಗಬೇಡಿ. ಎರಡೂ ಕಿವಿ ಕಾಣ್ಬೇಕು."

"ಕಿವಿ ಹಾಳಾಗ್ಲಿ, ಪ್ರಾಣ ಹೋಗ್ತಿದೆ ಕಣೇ! ಬೇಗ ಒತ್ತೇ!"

ಒತ್ತಿದಳು. ಗಂಡ ದೊಪ್ಪನೆ ಬಿದ್ದ. ಏಟಾಯಿತೇ ಎಂದು ಕೇಳಲೂ ಪುರುಸೊತ್ತಿಲ್ಲದೆ ಪ್ರಿಂಟ್ ತೆಗೆದು ಓಡಿದಳು. ಅವನೂ ಕತ್ತು ಹಿಡಿದುಕೊಂಡು ಹಿಂದೆಯೇ ಓಡಿದ.

ಐದಕ್ಕೆ ಇನ್ನು ಐದು ನಿಮಿಷ. ಸಂಘದ ಕಚೇರಿಯಲ್ಲಿ ಅಧ್ಯಕ್ಷರು ಫೋಟೋ ತಿರುಗಿಸಿದರು. ಮತ್ತೆ ತಿರುಗಿಸಿದರು. ಬೋಗುಣಿಯೊಳಗೆ ಸ್ಟುಡಿಯೋ ಪೂರ್ತಿ ಬುಡಮೇಲು: ಕುರ್ಚಿಗಳು ಮೇಲೆ ನೇತಾಡುತ್ತಿದ್ದವು, ಫ್ಯಾನು ಗಿಡದ ಹಾಗೆ ಕೆಳಗಿನಿಂದ ಎದ್ದಿತ್ತು. ನಡುವೆ ಒಬ್ಬ ಗಂಡಸು ಮಾತ್ರ, ನೆತ್ತಿಯಿಂದ ಸೂರಿಗೆ ಅಂಟಿಕೊಂಡು, ಗುರುತಿನ ಚೀಟಿಗೆ ಕೊಡುವಷ್ಟು ಗಂಭೀರವಾಗಿ ನೆಟ್ಟಗಿದ್ದ. ಅವನ ಕೆನ್ನೆ, ಮೀಸೆ ಎಲ್ಲ ಮೇಲಕ್ಕೆ ಹೊರಟಿದ್ದವು.

ಅಧ್ಯಕ್ಷರ ಹೊಟ್ಟೆ ಅಲುಗತೊಡಗಿತು. ಆಮೇಲೆ ಮೇಜು ಗುದ್ದಿ ಗುದ್ದಿ ನಕ್ಕರು. ಅಕ್ಕನ ಕಣ್ಣು ತುಂಬಿ ಬಂತು. ಮುಗಿಯಿತು, ಇದ್ದ ಮರ್ಯಾದೆಯೂ ಹೋಯಿತು! ಫೋಟೋ ಕಿತ್ತುಕೊಳ್ಳಲು ಕೈ ಚಾಚಿದಳು. ಅವರು ಬಿಡಲಿಲ್ಲ.

"ಬೆಳಗ್ಗಿಂದ ನಲವತ್ತೆರಡು ಬೋಗುಣಿ, ಗಾಜಿನ ಗುಂಡು, ನೀರಹನಿ ನೋಡಿದೆ ಅಮ್ಮಾ. ಎಲ್ಲದ್ರಲ್ಲೂ ಮನುಷ್ಯ ತಲೆಕೆಳಗು! ನಿಮ್ದನ್ನ ಬಾಗಿಲೆದುರಿಗೇ ಹಾಕ್ತೀನಿ. ಇಂಥಾ ಕಲ್ಪನೆ ಹೇಗ್ರೀ ಬಂತು?"

ಅಕ್ಕ ಗಂಡನ ಮುಖ ನೋಡಿದಳು. ಅವನು ತಿರುಗದ ಕತ್ತನ್ನು ನೀವಿಕೊಳ್ಳುತ್ತಿದ್ದ. ಅವಳ ಬಾಯಿಗೆ ಸುಳ್ಳು ಬರಲಿಲ್ಲ. "ಮುಖ ನೆಟ್ಟಗಿರ್ಬೇಕಲ್ವಾ ಸಾರ್?"

ಅಧ್ಯಕ್ಷರು ಕಣ್ಣೊರೆಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಂದೂ ಒಂದು ತೆಗೀತೀರಾ?"

ಅಕ್ಕ ಅವರನ್ನು ಮೇಲಿಂದ ಕೆಳಗೆ ಅಳೆದಳು. ಕಲಾವಿದೆಯ ಗತ್ತು ಆಗಲೇ ಬಂದುಬಿಟ್ಟಿತ್ತು.

"ಬೆಳಗ್ಗೆ ಬನ್ನಿ ಸಾರ್. ಖಾಲಿ ಹೊಟ್ಟೇಲಿ."